ಕಾಲು ನೀಡುವಷ್ಟು ಜಾಗ

ಮೊನ್ನೆ ಸೌತೆಕಾಯಿ ಕಟ್ಟಲು ಒಂದು ತುಂಡು ಹಗ್ಗ ಬೇಕಾಯಿತು. ಪಕ್ಕದ ಗದ್ದೆಯವರು ಈ ಸಲ ಹದಿನೈದು ಬಲಿತ ಸೌತೆಕಾಯಿ ಕೊಟ್ಟಿದ್ದಾರೆ. ಒಂಟಿ ಹೆಂಗಸಿಗೆ ಹದಿನೈದು ಸೌತೆಕಾಯಿ ಎಂದರೆ ದೀಪಾವಳಿಯವರೆಗೆ ದಿನಾ ಹುಳಿ ಮಾಡಿದರೂ ಮುಗಿಯದು. ಇರಲಿ, ಕೊಟ್ಟವರ ಕೈ ತಣ್ಣಗಿರಲಿ. ನಮ್ಮ ನೆನಪಾದದ್ದೇ ದೊಡ್ಡದು. ಅಡುಗೆಮನೆಯ ಮಾಡಿಗೆ ಸಾಲಾಗಿ ತೂಗುಹಾಕಿದರೆ ಮಳೆಗಾಲವಿಡೀ ಕೆಡುವುದಿಲ್ಲ. ಆದರೆ ಕಟ್ಟಲು ಇಟ್ಟುಕೊಂಡ ಬಾಳೆಪಟ್ಟೆ ಹದಿನಾಲ್ಕಕ್ಕೇ ಮುಗಿಯಿತು. ಹದಿನೈದನೆಯದಕ್ಕೆಂದು ಬಚ್ಚಲಿನ ಅಟ್ಟದ ಮೇಲೆ ಕೈಯಾಡಿಸಿದಾಗ ಒಂದು ಕತ್ತದ ಬಳ್ಳಿ, ತೆಂಗಿನ ನಾರಿನ ಹಗ್ಗ, ಸಿಕ್ಕಿತು. ಬಿಡಿಸಿ ನೋಡಿದರೆ ಅದರಲ್ಲಿ ಎರಡು ಗಂಟು.

ಕತ್ತಿ ಕೈಯಲ್ಲೇ ಇತ್ತು. ಕತ್ತರಿಸಲು ಮನಸ್ಸು ಬರಲಿಲ್ಲ. ಒಂದು ಗಂಟಿನಿಂದ ಇನ್ನೊಂದು ಗಂಟಿನವರೆಗೆ ಇರುವುದು ಲಚ್ಚಕ್ಕನ ಕಾಲಿನ ಉದ್ದ. ಕಾಲಿನ ಉದ್ದವನ್ನು ಯಾರಾದರೂ ಅಟ್ಟದ ಮೇಲೆ ಇಟ್ಟುಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಇಟ್ಟುಕೊಂಡಿದ್ದೇನೆ.

ಲಚ್ಚಕ್ಕ ಹೆಮ್ಮಾಡಿಯ ಸುತ್ತಮುತ್ತ ನಾಲ್ಕಾರು ಊರಿನ ಬಾಣಂತಿಯರನ್ನೂ ಶಿಶುಗಳನ್ನೂ ಮೀಯಿಸಿದವಳು. ಅವಳು ಮಗು ಮೀಯಿಸುವುದನ್ನು ನೋಡಬೇಕಿತ್ತು. ಬೆನ್ನನ್ನು ಗೋಡೆಗೆ ಕೊಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಎರಡೂ ಕಾಲನ್ನು ನೆಟ್ಟಗೆ ನೀಡಿ ಕೂರುತ್ತಿದ್ದಳು. ಮಗು ಆ ಎರಡು ಕಾಲಿನ ನಡುವಿನ ತಗ್ಗಿನಲ್ಲಿ ದೋಣಿಯಲ್ಲಿ ಮಲಗಿದಂತೆ ಮಲಗುತ್ತಿತ್ತು. ಎಣ್ಣೆ ತಿಕ್ಕುವುದು, ಮೂಗಿನ ಏಣು ನೀವುವುದು, ಕವುಚಿ ಹಾಕಿ ಬೆನ್ನಿಗೆ ನೀರು ಹೊಯ್ಯುವುದು, ಕಡೆಗೆ ಒಂದು ಬೊಗಸೆ ನೀರು ನಿವಾಳಿಸಿ ಮೂಲೆಗೆ ಎಸೆಯುವುದು. ಅಷ್ಟು ಹೊತ್ತೂ ಊರು ಕೇಳುವಂತೆ ಕಿರುಚಿದ ಮಗು ಆಮೇಲೆ ಮೂರು ತಾಸು ಅಲುಗದೆ ಮಲಗುತ್ತಿತ್ತು.

ಬಾಣಂತನದಲ್ಲಿ ನನ್ನನ್ನು ಮೀಯಿಸಿದವಳೂ ಅವಳೇ. ನನ್ನ ತವರು ಹಂಗಾರಕಟ್ಟೆ. ಅಲ್ಲಿ ಬೇಸಿಗೆ ಬಂದರೆ ಬಾವಿಯ ನೀರಿಗೆ ಹೊಳೆಯ ಉಪ್ಪು ಏರುತ್ತಿತ್ತು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬಾರದು. ಮಿಂದು ಬಂದ ಮೇಲೆ ನಾಲಗೆಯಲ್ಲಿ ತೋಳನ್ನು ನೆಕ್ಕಿ ನೋಡಿ ‘ಉಪ್ಪಿತ್ತ್’ ಎಂದು ಅಮ್ಮನಿಗೆ ದೂರು ಹೇಳುತ್ತಿದ್ದೆ. ‘ಹಂಗಾರ್ ಇವತ್ತ್ ಪದಾರ್ಥಕ್ಕೆ ಉಪ್ಪ್ ಹಾಕೂದಿಲ್ಲ, ನಿನ್ನನ್ನೇ ಅದ್ದಿ ತೆಗಿತೆ’ ಎನ್ನುತ್ತಿದ್ದಳು. ಆ ಅಮ್ಮ ನನ್ನ ಮದುವೆಗೆ ಮೊದಲೇ ಹೋಗಿಬಿಟ್ಟಳು. ಚೊಚ್ಚಲ ಬಾಣಂತನ ತಾಯಿ ಮನೆಯಲ್ಲಿ ಎನ್ನುವುದು ನಮ್ಮ ಕಡೆಯ ಕ್ರಮ. ತಾಯಿಯೇ ಇಲ್ಲದ ಮನೆಗೆ ಯಾವ ಮುಖದಲ್ಲಿ ಹೋಗಲಿ? ಗಂಡನ ಮನೆಯಲ್ಲೇ ಹೆತ್ತೆ. ಅತ್ತೆ ಒಳ್ಳೆಯವರೇ, ಕಡಿಮೆ ಮಾಡಲಿಲ್ಲ. ಆದರೂ ಮೊದಲ ದಿನ ಬಚ್ಚಲಿನಲ್ಲಿ ಕೂತಾಗ ಅಮ್ಮ ನೆನಪಾದಳು. ಸುಡು ನೀರಿನ ತಂಬಿಗೆ ಎತ್ತಿದ ಲಚ್ಚಕ್ಕ ನನ್ನ ಮುಖ ನೋಡಿ, ‘ಕಣ್ಣ್ ಮುಚ್ಕೊ ಹೆಣ್ಣೇ. ತಲಿ ಮೇಲೆ ನೀರ್ ಬೀಳುವತಿಗೆ ಮರ್ಕಿರೆ ಯಾರಿಗೂ ಗೊತ್ತಾತಿಲ್ಲೆ’ ಎಂದಳು. ನಲವತ್ತು ದಿನ ಹಾಗೇ ಅತ್ತುಕೊಂಡೆ. ಯಾರಿಗೂ ಗೊತ್ತಾಗಲಿಲ್ಲ.

ಹುಟ್ಟಿದವಳು ಸವಿತಾ, ಒಬ್ಬಳೇ ಮಗಳು. ಅವಳ ಬಾಣಂತನ ಮಾತ್ರ ನಾನೇ, ಈ ಮನೆಯಲ್ಲೇ ಮಾಡಬೇಕು ಎಂದು ಅವಳು ತೊಟ್ಟಿಲಲ್ಲಿರುವಾಗಲೇ ಮೂಕಾಂಬಿಕೆಗೆ ಹೇಳಿಕೊಂಡಿದ್ದೆ. ಸ್ವಲ್ಪ ಮುಂಚೆಯೇ ಹೇಳಿಕೊಂಡೆ ಅನ್ನಿ. ದೇವರಿಗೂ ಮರೆತುಹೋಗುವಷ್ಟು ಮುಂಚೆ.

ನಮ್ಮ ಮನೆಯವರು ಮದುವೆಗೆ ಮೊದಲಿನಿಂದಲೂ ಮುಂಬೈಯಲ್ಲಿ ಹೋಟೆಲು ಇಟ್ಟವರು. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಾರೆ. ‘ಇನ್ನೆರಡ್ ವರ್ಷ, ಮತ್ತೆ ಊರಲ್ಲೇ’ ಎನ್ನುವುದನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಅತ್ತೆ ಇರುವಷ್ಟು ದಿನ ಅವರನ್ನು ನೋಡಿಕೊಳ್ಳಲು ನಾನು ಇಲ್ಲಿ. ಅವರು ಹೋದ ಮೇಲೆ ಮನೆದೇವರ ದೀಪ ಆರಬಾರದೆಂದು ನಾನು ಇಲ್ಲಿ. ದೀಪ ಹಚ್ಚುವಾಗ ಹೇಗೂ ಯಾರಾದರೊಬ್ಬರ ಹತ್ತಿರ ಮಾತಾಡಿದ ಹಾಗಾಗುತ್ತದೆ.

ಸವಿತಾಳನ್ನು ಕೊಟ್ಟದ್ದೂ ಮುಂಬೈಗೇ. ಮದುವೆಯಾಗಿ ಎರಡು ವರ್ಷಕ್ಕೆ, ನಮ್ಮ ಪೇಟೆಯಲ್ಲಿ ಮೊಬೈಲ್ ಹಿಡಿದವರನ್ನು ಜನ ತಿರುಗಿ ನೋಡುತ್ತಿದ್ದ ಕಾಲದಲ್ಲಿ, ಅವಳು ಬಸುರಿಯಾದ ಸುದ್ದಿ ಬಂತು. ನಾನು ಫೋನಿನಲ್ಲೇ ‘ಏಳನೇ ತಿಂಗಳಲ್ಲಿ ಬಂದ್ಬಿಡ್’ ಎಂದೆ. ಅವಳು ಡಾಕ್ಟರ ಮಾತು ತೆಗೆದಳು.

‘ಅಮ್ಮಾ, ಡಾಕ್ಟ್ರ್ ಕುಕ್ಕರಗಾಲಂಗೆ ಕೂಕಂಬುಕಾಗ ಅಂದಿರ್. ಅಲ್ಲ್ ಬಚ್ಚಲ್ ಹಿತ್ಲಂಗೆ, ಪಾಯಿಖಾನಿ ಅದ್ರಿಂದ ಆಚಿಗೆ. ಮಳಿಗಾಲ್ದಂಗೆ ಕೊಡಿ ಹಿಡ್ಕಂಡ್ ಹೋಪುದ್ ಹ್ಯಾಂಗೆ? ನಮ್ಮತ್ತೆಯೂ ಕೇಂತಿದ್ರ್, ನಿಮ್ಮಲ್ಲಿ ಬಾತ್‌ರೂಂ ಹ್ಯಾಂಗಿತ್ತ್ ಅಂದೇಳಿ.’

ತಪ್ಪು ಅವಳದ್ದಲ್ಲ. ಅವಳು ಹುಟ್ಟಿದ ಬಚ್ಚಲು ಹಾಗೆಯೇ ಇತ್ತು. ಮುರಕಲ್ಲಿನ ಮೋಟು ಗೋಡೆ, ಹಂಡೆ, ಒಲೆ, ಮೀಯಲು ಒಂದು ಚಪ್ಪಡಿ ಕಲ್ಲು, ಮೂಲೆಯಲ್ಲಿ ಒಂದು ಕಪ್ಪೆ. ಆ ಕಪ್ಪೆಗೂ ನನಗೂ ವರ್ಷಗಳ ಪರಿಚಯ. ಅದನ್ನು ಬೀಗಿತಿಗೆ ಹೇಗೆ ಪರಿಚಯ ಮಾಡಿಸುವುದು?

ಮನೆಯವರಿಗೆ ಫೋನು ಮಾಡಿದೆ. ಅವರು ಗಲ್ಲೆಯ ಮೇಲೆ ಕೂತಿದ್ದರು. ಹಿಂದಿನಿಂದ ‘ಎರಡ್ ಸಾದಾ, ಒಂದ್ ಮಸಾಲೆ’ ಎಂದು ಕೂಗುವುದು ಕೇಳುತ್ತಿತ್ತು. ‘ಯಾವ್ದೇ ಕೆಲ್ಸ ಆಯ್ಲಿ, ಮೂರ್ ರೇಟ್ ಕೇಣ್ಕ್. ಕೇಂಡ್ ನಡುವಿಂದ್ ತಕಣ್ಕ್’ ಎಂದು ಅಪ್ಪಣೆಯಾಯಿತು. ನನ್ನನ್ನು ಆರಿಸುವಾಗಲೂ ಮೂರು ಹೆಣ್ಣು ನೋಡಿದ್ದರಂತೆ. ನಾನು ಎಷ್ಟನೆಯವಳೆಂದು ಇವತ್ತಿನವರೆಗೂ ಕೇಳಿಲ್ಲ.

ಮೇಸ್ತ್ರಿ ಭಾಸ್ಕರ ಬಂದ. ಅಡುಗೆಮನೆಯ ಹಿಂದಿನ ಜಗುಲಿಯ ಒಂದು ತುದಿಗೆ ಗೋಡೆ ಎಬ್ಬಿಸಿ, ಒಳಗಿನಿಂದಲೇ ಬಾಗಿಲು ಇಟ್ಟು ಬಾತ್‌ರೂಂ ಮಾಡಬಹುದು ಎಂದ. ಯಾರದ್ದೋ ಮದುವೆ ಕಾಗದವನ್ನು ಹಿಂದೆ ತಿರುಗಿಸಿ, ಮೇಲೆ ‘ಶ್ರೀ’ ಬರೆದು, ಕೆಳಗೆ ಮೂರು ಸಾಲು ಎಳೆದ.

‘ಸುಶೀಲಕ್ಕ, ಇದ್ರಂಗೆ ಮೂರ್ ನಮೂನಿ ಇತ್ತ್. ಒಂದ್ನೇದ್ ಸಾದಾ. ನೆಲಕ್ಕೆ ರೆಡ್ ಆಕ್ಸೈಡ್, ಗೋಡಿಗೆ ಸುಣ್ಣ, ಒಂದ್ ಕಮೋಡ್, ಒಂದ್ ನಳ್ಳಿ. ಇಪ್ಪತ್ತೈದ್ ಸಾವ್ರ. ಎರಡ್ನೇದ್, ಸೊಂಟದವರಿಗೆ ಟೈಲ್ಸ್, ಕೈ ತೊಳುಕೆ ಬೇಸಿನ್, ಗೀಸರ್. ಐವತ್ತ್. ಮೂರ್ನೇದ್ ಫಸ್ಟ್ ಕ್ಲಾಸ್. ಮಾಡಿನವರಿಗೆ ಟೈಲ್ಸ್, ಶವರ್, ಬಣ್ಣದ ಕಮೋಡ್, ಇಷ್ಟ್ ದೊಡ್ಡ ಕನ್ನಡಿ. ಲಕ್ಷದ ಹತ್ರ. ಅದ್ರಂಗೆ ಮಿಂದ್ರೆ ಹೊರಗ್ ಬಪ್ಪುಕೇ ಮನಸಾತಿಲ್ಲೆ ಕಾಣಿ.’

‘ಹೊರಗ್ ಬರ್ದಿರೆ ಅಡ್ಗಿ ಮಾಡೂದ್ ಯಾರ್?’ ಎಂದೆ.

ಕಾಗದವನ್ನು ದೇವರ ಕೋಣೆಗೆ ತಂದೆ. ನನ್ನ ಬುದ್ಧಿಗೆ ಸಿಗದ ವಿಷಯವನ್ನೆಲ್ಲ ಅಲ್ಲಿಗೆ ತರುವುದು ನನ್ನ ಅಭ್ಯಾಸ. ಮೂರು ಚೀಟಿ ಬರೆದು, ಮಡಚಿ, ದೀಪದ ಎದುರು ಹಾಕಿ ಕಣ್ಣು ಮುಚ್ಚಿ ಒಂದನ್ನು ಎತ್ತಿದೆ. ಫಸ್ಟ್ ಕ್ಲಾಸ್ ಬಂತು. ದೇವಿಗೆ ನಮ್ಮ ಹೋಟೆಲಿನ ವ್ಯಾಪಾರ ಗೊತ್ತಿದ್ದ ಹಾಗಿಲ್ಲ ಎಂದುಕೊಂಡು ಮತ್ತೆ ಹಾಕಿದೆ. ಸಾದಾ ಬಂತು. ಬೀಗಿತಿ ಏನಂದಾರು? ಮೂರನೆಯ ಸಲಕ್ಕೆ ನಡುವಿನದು ಬಂತು. ದೇವರ ಇಚ್ಛೆ ಎಂದು ಕೈಮುಗಿದೆ. ನನ್ನ ಮನಸ್ಸು ತಿಳಿಯಲು ಅವಳಿಗೆ ಮೂರು ಸಲ ಬೇಕಾಯಿತು, ಅಷ್ಟೆ.

ಹೀಗೆ ನಡುವಿನ ದರ್ಜೆಯ ಕೆಲಸ ಶುರುವಾಯಿತು. ಕುಂದಾಪುರದ ಅಂಗಡಿಗೆ ಹೋಗಿ ಟೈಲ್ಸ್ ನೋಡಿದೆ. ಅಂಗಡಿಯವನು ದ್ರಾಕ್ಷಿ ಗೊಂಚಲಿನ ಚಿತ್ರದ್ದನ್ನೇ ತೋರಿಸಿ ತೋರಿಸಿ ಇಟ್ಟ. ಮೀಯುವ ಜಾಗದಲ್ಲಿ ದ್ರಾಕ್ಷಿ ಯಾಕೆ ಎಂದು ನನಗೆ ಹೊಳೆಯಲಿಲ್ಲ, ಆದರೂ ಅದನ್ನೇ ಗೊತ್ತು ಮಾಡಿ ಬಂದೆ. ಎಷ್ಟೋ ವರ್ಷದ ಮೇಲೆ ಮನೆಯಲ್ಲಿ ಕರಣೆಯ ಸದ್ದು, ಮೂರು ಹೊತ್ತು ಚಾ ಕಾಯಿಸುವ ಕೆಲಸ. ಅಷ್ಟು ಜನರ ಮಾತು ಕೇಳಿ ನನ್ನ ಹಸಿವೆಯೂ ಹೆಚ್ಚಿತ್ತು.

ಗೋಡೆ ಎದೆಮಟ್ಟ ಎದ್ದಿತ್ತು, ಕಮೋಡು ಕೂರಿಸುವ ಜಾಗಕ್ಕೆ ಭಾಸ್ಕರ ಇಟ್ಟಿಗೆ ಇಟ್ಟು ಗುರುತು ಮಾಡಿದ್ದ. ಆ ಹೊತ್ತಿಗೆ ಲಚ್ಚಕ್ಕ ಬಂದಳು. ಎಪ್ಪತ್ತು ದಾಟಿತ್ತು, ಆದರೂ ಸವಿತಾಳ ಮಗುವನ್ನು ತಾನೇ ಮೀಯಿಸುವುದೆಂದು ಊರಿಡೀ ಹೇಳಿಕೊಂಡು ತಿರುಗುತ್ತಿದ್ದಳು. ಒಳಗೆ ಹೋದಳು. ಸುತ್ತ ನೋಡಿದಳು. ಆಮೇಲೆ ಹಸಿ ಸಿಮೆಂಟಿನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ಎರಡೂ ಕಾಲು ನೀಡಿದಳು. ಹಿಮ್ಮಡಿ ಹೋಗಿ ಇಟ್ಟಿಗೆಗೆ ತಾಗಿತು. ಮೊಣಕಾಲು ಇನ್ನೂ ಮೇಲೆಯೇ ಇತ್ತು.

‘ಹ್ವಾಯ್ ಮೇಸ್ತ್ರಿ, ನಾ ಕಾಲ್ ಎಲ್ಲ್ ನೀಡೂದ್?’

ಭಾಸ್ಕರ ನಕ್ಕ. ‘ಲಚ್ಚಕ್ಕ, ಬಾತ್‌ರೂಮಂಗೆ ಯಾರೂ ಕಾಲ್ ನೀಡುದಿಲ್ಲೆ. ನಿಂತ್ಕಂಡ್ ಮೀವುದ್.’

‘ಎಂಟ್ ದಿನದ ಶಿಶು ನಿಂತ್ಕಂಡ್ ಮೀತಾ? ನಿನ್ನನ್ನ್ ಮೀಸದ್ದೂ ಈ ಕಾಲ್ ಮೇಲೆಯೇ ಮಾರಾಯ. ಮಿಂದ್ ಮುಗುದ್ರೊಳಗೆ ಎರಡ್ ಸಲ ಉಚ್ಚಿ ಹೊಯ್ತಿದ್ದೆ.’

ಕೆಲಸದವರೆಲ್ಲ ಭಾಸ್ಕರನ ಮುಖ ನೋಡಿದರು. ನಾನು ಮಾತ್ರ ಇಟ್ಟಿಗೆಯನ್ನು ನೋಡುತ್ತಿದ್ದೆ. ಮೂರು ದರ್ಜೆಯ ಲೆಕ್ಕ ಕೇಳಿದ್ದೆ, ದೇವರನ್ನು ಮೂರು ಸಲ ಕೇಳಿದ್ದೆ, ದ್ರಾಕ್ಷಿಯ ಬಣ್ಣವನ್ನೂ ಆರಿಸಿದ್ದೆ. ಬಾಣಂತನಕ್ಕೆಂದು ಕಟ್ಟಿಸುವ ಬಚ್ಚಲಿನಲ್ಲಿ ಮಗು ಮೀಯಿಸುವವಳು ಎಲ್ಲಿ ಕೂರುತ್ತಾಳೆ ಎಂದು ಮಾತ್ರ ಯೋಚಿಸಿರಲಿಲ್ಲ. ಬೀಗಿತಿ ಬಂದು ನೋಡುವುದನ್ನೇ ನೆನೆದುಕೊಂಡು ಕಟ್ಟಿಸಿದರೆ ಹೀಗಾಗುತ್ತದೆ.

ಭಾಸ್ಕರ ಟೇಪು ತೆಗೆದ. ಲಚ್ಚಕ್ಕ ಕಾಲು ಎಳೆದುಕೊಂಡಳು. ‘ಟೇಪ್ ಬ್ಯಾಡ. ಜೀವ ಇಪ್ಪವ್ರ ಅಳತಿ ತಕಂಬುಕಾಗ. ನನ್ನ್ ಹೆಣದ ಅಳತಿ ತಕಂಬ ದಿನ ನೀನೇ ಬಾ, ಬ್ಯಾಡ ಅಂಬುದಿಲ್ಲೆ.’ ಮೂಲೆಯಲ್ಲಿ ಬಿದ್ದಿದ್ದ ಕತ್ತದ ಬಳ್ಳಿಯನ್ನು ತಾನೇ ಎಳೆದುಕೊಂಡು, ಜಗುಲಿಯಲ್ಲಿ ಹೋಗಿ ಕೂತು, ಗೋಡೆಯ ಹತ್ತಿರ ಒಂದು ಗಂಟು, ಹಿಮ್ಮಡಿಯ ಹತ್ತಿರ ಒಂದು ಗಂಟು ಹಾಕಿ ಅವನ ಕೈಗೆ ಕೊಟ್ಟಳು. ‘ಇಷ್ಟ್. ಇದ್ರ ಮೇಲೆ ಒಂದ್ ಗೇಣ್, ತಂಬ್ಗಿ ಇಡೂಕೆ.’

ಅಷ್ಟು ಜಾಗ ಬೇಕಾದರೆ ಗೋಡೆಯನ್ನು ಒಡೆದು ಎರಡು ಅಡಿ ಹಿತ್ತಿಲಿನ ಕಡೆಗೆ ಸರಿಸಬೇಕು, ಹೊಸದಾಗಿ ಪಾಯ ತೋಡಬೇಕು. ಭಾಸ್ಕರ ಕಾಗದ ತೆಗೆದು ಕೂಡಿಸಿದ. ಮೊತ್ತ ಐವತ್ತನ್ನು ಬಿಟ್ಟು ಫಸ್ಟ್ ಕ್ಲಾಸಿನ ಕಡೆಗೆ ಹೊರಟಿತು. ಮನೆಯವರಿಗೆ ಹೇಳಿದರೆ ಒಪ್ಪುತ್ತಿದ್ದರೇನೋ. ಹೇಳಲಿಲ್ಲ. ಗೀಸರ್ ಬೇಡ ಎಂದೆ, ಹಂಡೆಯೇ ಇದೆಯಲ್ಲ. ಬೇಸಿನ್ ಬೇಡ. ದ್ರಾಕ್ಷಿಯೂ ಬೇಡ, ರೆಡ್ ಆಕ್ಸೈಡೇ ಸಾಕು, ಎಣ್ಣೆ ಕಾಲಿಗೆ ಜಾರುವುದಿಲ್ಲ. ಕಮೋಡು ಮಾತ್ರ ನಡುವಿನ ದರ್ಜೆಯದ್ದೇ ಇರಲಿ.

‘ಇದ್ಕ್ ಎಂತ ಅಂದೇಳಿ ಬರೂದ್ ಅಕ್ಕ? ಸಾದಾವೂ ಅಲ್ಲ, ನಡುವಿಂದೂ ಅಲ್ಲ’ ಎಂದ ಭಾಸ್ಕರ.

‘ಲಚ್ಚಕ್ಕಂದ್ ಅಂತ ಬರಿ.’

ಬರೆದ. ಮೂರು ಸಾಲಿನ ಕೆಳಗೆ ನಾಲ್ಕನೆಯದು. ಮೊತ್ತ ನಲವತ್ತೆಂಟು. ನಡುವಿನದಕ್ಕಿಂತ ಎರಡು ಸಾವಿರ ಉಳಿಯಿತು, ದೇವಿ ಕೈಬಿಡುವವಳಲ್ಲ.

ಬಚ್ಚಲು ಎದ್ದು ನಿಂತಿತು. ನೆಲ ಒರೆಸಿದರೆ ಮುಖ ಕಾಣುತ್ತಿತ್ತು. ಮನೆಯವರು ಬಂದು ಬಾಗಿಲಲ್ಲಿ ನಿಂತು, ‘ಇದ್ ಬಚ್ಚಲಾ, ಕಲ್ಯಾಣ ಮಂಟಪವಾ?’ ಎಂದರು. ನಾನು ಬಾಣಂತಿ ಎಣ್ಣೆ ಕಾಯಿಸಿಟ್ಟೆ. ಹಳೆಯ ಹತ್ತಿ ಸೀರೆಗಳನ್ನು ಹರಿದು, ಒಗೆದು, ಮಡಚಿಟ್ಟೆ. ಕೊತ್ತಳಿಗೆ, ತೆಂಗಿನ ಸಿಪ್ಪೆ ಒಲೆಯ ಮಗ್ಗುಲಲ್ಲಿ ಮಾಡು ಮುಟ್ಟುವಷ್ಟು ಒಟ್ಟಿದೆ.

ಸವಿತಾ ಬರಲಿಲ್ಲ. ಟಿಕೇಟು ಮಾಡಿಸಿದ ಮೇಲೆ ಡಾಕ್ಟರು ಪ್ರಯಾಣ ಬೇಡ ಎಂದರಂತೆ. ‘ಹೆತ್ತ್ ಮೇಲೆ ಬತ್ತೆ ಅಮ್ಮ’ ಎಂದಳು. ಹೆಣ್ಣು ಮಗು ಹುಟ್ಟಿತು, ತೂಕ ಕಡಿಮೆ. ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ಹತ್ತು ದಿನ ನಾನು ದೇವರ ಹತ್ತಿರ ಬಚ್ಚಲಿನ ವಿಷಯ ಎತ್ತಲೇ ಇಲ್ಲ. ಮಗು ಉಳಿಯಿತು. ಕೇಳಿದ್ದನ್ನು ದೇವಿ ಕೊಟ್ಟಳು, ಮತ್ತೆ ಯಾವ ಬಾಯಲ್ಲಿ ದೂರುವುದು?

ನಾನೇ ಮುಂಬೈಗೆ ಹೋದೆ, ಹನ್ನೆರಡು ದಿನ. ಅಲ್ಲಿ ಮಗುವನ್ನು ಮೀಯಿಸಲು ಒಬ್ಬಳು ಬರುತ್ತಿದ್ದಳು. ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಲಗಿಸಿ, ಗಡಿಯಾರ ನೋಡಿಕೊಂಡು ಮೀಯಿಸಿ ಹೋಗುತ್ತಿದ್ದಳು. ಬಾತ್‌ರೂಮಿನಲ್ಲಿ ಇಬ್ಬರು ನಿಲ್ಲಲು ಜಾಗವಿಲ್ಲ. ನಾನು ಬಾಗಿಲ ಹೊರಗೆ ಟವೆಲು ಹಿಡಿದು ನಿಲ್ಲುತ್ತಿದ್ದೆ. ಒದ್ದೆ ಮಗು ಮೊದಲು ನನ್ನ ಕೈಗೇ ಬರುತ್ತಿತ್ತು. ಅದೂ ಒಂದು ಭಾಗ್ಯ. ಹನ್ನೆರಡು ಸಲ.

ಊರಿಗೆ ಬಂದ ಮೇಲೆ ಲಚ್ಚಕ್ಕ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುವಳು. ‘ಹೆಣ್ಣ್ ಬಂತಾ?’ ಮೂರು ತಿಂಗಳಿಗೆ ಬರುತ್ತಾಳೆ ಎಂದೆ. ಆರು ತಿಂಗಳಿಗೆ ಎಂದೆ. ಒಂದು ದಿನ ‘ಮಗು ಈಗ ನಡಿತ್ ಲಚ್ಚಕ್ಕ’ ಎಂದೆ. ಅವಳು ತನ್ನ ಕಾಲನ್ನೊಮ್ಮೆ ನೋಡಿಕೊಂಡು ಮುಂದೆ ಹೋದಳು. ಆಮೇಲೆ ಕೇಳಲಿಲ್ಲ.

ಮೊಮ್ಮಗಳು ಈ ಮನೆಗೆ ಮೊದಲು ಬಂದದ್ದು ನಾಲ್ಕು ವರ್ಷದವಳಾದ ಮೇಲೆ. ಬಚ್ಚಲಿನ ಈ ತುದಿಯಿಂದ ಆ ತುದಿಗೆ ಓಡಿದಳು. ‘ಅಜ್ಜೀ, ನಿನ್ನ ಬಾತ್‌ರೂಂ ಎಂತಕ್ಕೆ ಇಷ್ಟ್ ಉದ್ದ?’ ಎಂದು ಕೇಳಿದಳು. ಏನು ಹೇಳಲಿ? ‘ಓಡೂಕೆ’ ಎಂದೆ. ಮತ್ತೂ ಓಡಿದಳು. ಐದನೆಯ ದಿನ ಹೋದರು.

ಉಳಿದ ದಿನಗಳಲ್ಲಿ ಅಷ್ಟು ಉದ್ದದ ಬಚ್ಚಲಿನಲ್ಲಿ ನಾನೊಬ್ಬಳೇ ಮೀಯುತ್ತೇನೆ. ಗಂಗೆ, ಯಮುನೆ, ಗೋದಾವರಿ ಎಂದು ಹೆಸರು ಹೇಳುತ್ತ ತಲೆಗೆ ನೀರು ಹೊಯ್ದುಕೊಂಡರೆ ಗೋಡೆಯಿಂದ ಧ್ವನಿ ತಿರುಗಿ ಬರುತ್ತದೆ. ಒಬ್ಬಳು ಹೇಳಿದ್ದಕ್ಕೆ ಇನ್ನೊಬ್ಬಳು ಹೂಂಗುಟ್ಟಿದ ಹಾಗೆ. ಮಾತಿಲ್ಲದ ಮನೆಯಲ್ಲಿ ಅದೂ ಉಪಕಾರವೇ.

ಲಚ್ಚಕ್ಕ ಹೋಗಿ ಈಗ ಮೂರು ವರ್ಷ. ಅವಳು ಹೋಗುವ ಮೊದಲಿನ ಒಂದು ಬೆಳಿಗ್ಗೆಯ ಸಂಗತಿ ಹೇಳದಿದ್ದರೆ ಈ ಬಳ್ಳಿಯನ್ನು ನಾನು ಯಾಕೆ ಕತ್ತರಿಸಲಿಲ್ಲ ಎಂಬುದು ನಿಮಗೆ ತಿಳಿಯದು.

ಕೋಲು ಊರಿಕೊಂಡು ಬಂದಳು. ತಮ್ಮನ ಮಗನ ಮನೆಯಲ್ಲಿದ್ದಳು. ಅವರು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಜಗುಲಿಯಲ್ಲಿ ಕೂತು ಅದೂ ಇದೂ ಮಾತಾಡಿದಳು. ಹೊರಡುವಾಗ ಎದ್ದವಳು ಮತ್ತೆ ಕೂತಳು.

‘ಸುಶೀಲಮ್ಮ, ಹಂಡಿಯಂಗೆ ಬಿಸ್ನೀರ್ ಇತ್ತಾ? ಬೆನ್ನಿಗ್ ಕೈ ಎಟುಕುದಿಲ್ಲೆ. ತಣ್ಣೀರಂಗೆ ಮಿಂದ್ ಮಿಂದ್ ಮೂಳಿ ಎಲ್ಲ ಮರಗಟ್ಟಿ ಹೋಯ್ತ್.’

ಊರಿನ ಮಕ್ಕಳಿಗೆಲ್ಲ ನೀರು ಹೊಯ್ದವಳು ಅದನ್ನು ಕೇಳಲು ಎಷ್ಟು ದಿನ ಯೋಚಿಸಿದ್ದಳೋ. ಒಲೆಗೆ ಕೊತ್ತಳಿಗೆ ಒಟ್ಟಿದೆ. ಸವಿತಾಳಿಗೆಂದು ಮಡಚಿಟ್ಟ ಸೀರೆ ತುಂಡುಗಳು ಪೆಟ್ಟಿಗೆಯಲ್ಲೇ ಇದ್ದವು, ತೆಗೆದೆ. ಎಣ್ಣೆ ಬಿಸಿ ಮಾಡಿದೆ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಒರಗಿಸಿ ಕೂರಿಸಿದೆ. ಅವಳು ನಿಧಾನವಾಗಿ ಒಂದು ಕಾಲು ನೀಡಿದಳು, ಆಮೇಲೆ ಇನ್ನೊಂದು, ಎರಡೂ ಪೂರ್ತಿ ನೆಟ್ಟಗಾಗದೆ. ಆ ಬಚ್ಚಲು ಕಟ್ಟಿದ ಮೇಲೆ ಅಲ್ಲಿ ಯಾರಾದರೂ ಕಾಲು ನೀಡಿ ಕೂತದ್ದು ಅದೇ ಮೊದಲು.

ಕಮೋಡಿಗೂ ಹಿಮ್ಮಡಿಗೂ ನಡುವೆ ಒಂದು ಗೇಣು ಇರಬೇಕಿತ್ತು. ಅವಳು ಬಗ್ಗಿ ನೋಡಿದಳು. ನಾನೇ ಕೈಯಿಟ್ಟು ಅಳೆದೆ. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು.

‘ಮೇಸ್ತ್ರಿ ನಾಲ್ಕ್ ಬೆರಳ್ ಜಾಸ್ತಿ ಕಟ್ಟಿದ’ ಎಂದಳು.

ಭಾಸ್ಕರ ಜಾಸ್ತಿ ಕಟ್ಟಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಾನು ಅವಳ ಬೆನ್ನಿಗೆ ಎಣ್ಣೆ ಹಚ್ಚಿದೆ. ಆ ಕಾಲಿನ ಮೇಲೆ ಎಷ್ಟು ಮಕ್ಕಳು ಮಲಗಿದ್ದವೋ, ನನ್ನ ಸವಿತಾ ಮಲಗಿದ್ದಳು. ಮಲಗಬೇಕಾದ ಇನ್ನೊಂದು ಮಗು ಮಲಗಲಿಲ್ಲ. ನೀರು ಹದ ಮಾಡಿ ಮೊದಲ ತಂಬಿಗೆಯನ್ನು ಅವಳ ತಲೆಗೆ ಹೊಯ್ದೆ. ಎರಡನೆಯದನ್ನು ಎತ್ತುವಾಗ ನನ್ನ ಕೈ ನಿಂತಿತು. ನಾನು ಮೂಗು ಎಳೆದದ್ದು ಅವಳಿಗೆ ಕೇಳಿತೋ ಏನೋ.

ಅವಳು ಕಣ್ಣು ತೆರೆಯಲಿಲ್ಲ. ಮುಖದ ಮೇಲೆ ನೀರು ಇಳಿಯುತ್ತಿರುವಾಗಲೇ ಹೇಳಿದಳು.

‘ಅದೊಂದ್ ತಂಬ್ಗಿ ನಿನ್ ತಲಿ ಮೇಲೆ ಹೊಯ್ಕೊ ಹೆಣ್ಣೇ.’

ಉಟ್ಟ ಸೀರೆಯಲ್ಲೇ ಹೊಯ್ದುಕೊಂಡೆ. ನೀರು ಹದವಾಗಿತ್ತು.